ಮಚ್ಛೇಂದ್ರನ ಎಡಗೈ ಗಂಟು

ಬರಗಾಲ ಬಂದರೆ ಎಲ್ಲರ ಕಸುಬೂ ಒಂದೇ ದಿನ ಸಾಯುವುದಿಲ್ಲ. ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವವನ ಕಸುಬು ಮೊದಲು ಕೊಬ್ಬುತ್ತದೆ, ಆಮೇಲೆ ಸಾಯುತ್ತದೆ. ನೀರು ಕೆಳಗಿಳಿದಂತೆ ಮೋಟಾರು ಒಣಗಂಟಲಲ್ಲಿ ತಿರುಗಿ ತಿರುಗಿ ಸುಡುತ್ತದೆ, ಸುಟ್ಟದ್ದು ಅಂಗಡಿಗೆ ಬರುತ್ತದೆ. ಭಾಲ್ಕಿಯ ಬಸ್ ನಿಲ್ದಾಣದ ಹಿಂದೆ ಮಚ್ಛೇಂದ್ರನ ಅಂಗಡಿಯ ಮುಂದೆ ಮೊದಲ ವರ್ಷ ಇಪ್ಪತ್ತು ಮೋಟಾರು ಸಾಲಾಗಿ ಮಲಗಿದ್ದವು. ಮರುವರ್ಷ ಬೋರಿನ ತಳವೇ ಒಣಗಿತು. ನೀರೇ ಇಲ್ಲದ ಮೇಲೆ ಮೋಟಾರು ಸರಿಮಾಡಿಸಿಕೊಂಡು ಹೋಗಿ ಯಾರಾದರೂ ಪೂಜೆಗೆ ಇಡುತ್ತಾರೆಯೇ? ಲಾತೂರಿಗೆ ರೈಲಿನಲ್ಲಿ ನೀರು ತಂದ ವರ್ಷ ಅದು. ಭಾಲ್ಕಿಯಲ್ಲಿ ತಂತಿ ಸುತ್ತುವವರು ಏಳು ಜನರಿದ್ದರು. ಅವರಲ್ಲಿ ಐದು ಜನ ಅಂಗಡಿಗೆ ಬೀಗ ಹಾಕಿ ಹೆಂಡತಿ ಮಕ್ಕಳ ಸಮೇತ ಹೈದರಾಬಾದಿನ ಗಾಡಿ ಹತ್ತಿದರು.

ಮಚ್ಛೇಂದ್ರ ಹತ್ತಲಿಲ್ಲ. ಮೆಹಕರದಲ್ಲಿ ಹುಟ್ಟಿ, ಹತ್ತನೇ ಇಯತ್ತೆವರೆಗೆ ಓದಿ, ಭಾಲ್ಕಿಯಲ್ಲಿ ಕಸುಬು ಕಲಿತು, ನಲವತ್ತೆರಡು ವರ್ಷ ಈ ಕೆಂಪು ಮಣ್ಣು ಬಿಟ್ಟು ಕದಲದ ಮನುಷ್ಯ. ಅಂಗಡಿಯ ಗೋಡೆಗೆ ಬಾಬಾಸಾಹೇಬರ ಒಂದು ಪಟ, ಬುದ್ಧನ ಒಂದು ಪಟ, ಅವುಗಳ ಕೆಳಗೆ ತಾಮ್ರದ ತಂತಿಯ ಸುರುಳಿಗಳು. ಹೆಂಡತಿ ಶಾಲುಬಾಯಿ ಮಾತ್ರ ಬಟ್ಟೆಯ ಗಂಟು ಕಟ್ಟಿ ಮೂಲೆಯಲ್ಲಿ ಇಟ್ಟೇಬಿಟ್ಟಿದ್ದಳು. ಅವಳ ತಮ್ಮ ಹೈದರಾಬಾದಿನಲ್ಲಿ ದೊಡ್ಡ ವೈಂಡಿಂಗ್ ಅಂಗಡಿಯಲ್ಲಿ ಜಾಗ ನೋಡಿದ್ದ. ಯುಗಾದಿಯವರೆಗೆ ತಡಿ ಎಂದು ಮಚ್ಛೇಂದ್ರ ಅವಳಿಂದ ಮಾತು ಪಡೆದ. ಅಷ್ಟರೊಳಗೆ ಊರಿನಲ್ಲೇ ಹೊಸ ದಾರಿ ಕಾಣದಿದ್ದರೆ ತಾನೇ ಆ ಗಂಟು ಹೊರುತ್ತೇನೆ ಎಂದ.

ಹೊಸ ದಾರಿ ಸಂತಪುರದಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಅದು ಹದಿನೆಂಟು ವರ್ಷದ ಹಳೆಯ ಮಾರುತಿ ಕಾರು. ಯಜಮಾನ ಕಂಪೌಂಡರ್ ಪುಣೆಗೆ ಹೋಗುವಾಗ ಅದನ್ನು ಒಯ್ಯಲಾರದೆ ಬಿಟ್ಟಿದ್ದ, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಆತನ ಬಾವಿಯ ಮೋಟಾರನ್ನು ಹತ್ತು ವರ್ಷ ನೋಡಿಕೊಂಡವನು ಮಚ್ಛೇಂದ್ರ. ಒಯ್ದುಬಿಡು, ಪೆಟ್ರೋಲು ಕುಡಿಯೋ ರಾಕ್ಷಸ ಅದು ಎಂದು ಕಂಪೌಂಡರ್ ಫೋನಿನಲ್ಲೇ ದಾನ ಮಾಡಿದ. ಮಚ್ಛೇಂದ್ರ ಅದನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಭಾಲ್ಕಿಗೆ ತಂದ.

ಅವನ ತಲೆಯಲ್ಲಿದ್ದ ಲೆಕ್ಕ ಸರಳ. ಆ ಕಾರಿನಲ್ಲಿ ಎಂಜಿನ್ನು ಎಳೆಯುವುದು ಮುಂದಿನ ಎರಡು ಗಾಲಿ ಮಾತ್ರ, ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ. ಆ ಸೋಮಾರಿ ಗಾಲಿಗಳಿಗೆ ಒಂದು ಮೋಟಾರು ಕೊಟ್ಟರೆ? ಹೈದರಾಬಾದಿನ ಗುಜರಿಯಲ್ಲಿ ಮುರಿದ ಬ್ಯಾಟರಿ ಆಟೋದ ಹಿಂದಿನ ಅಚ್ಚು ಮೋಟಾರು ಸಮೇತ ಸಿಕ್ಕಿತು. ಅಚ್ಚು ಕಾರಿಗೆ ಗಿಡ್ಡ, ಮೋಟಾರು ಕಾರಿನ ಭಾರಕ್ಕೆ ಬಡಕಲು. ಅಚ್ಚನ್ನು ವೆಲ್ಡಿಂಗ್ ಮಾಡಿಸಿ ಉದ್ದ ಮಾಡಿದ. ಮೋಟಾರಿನ ತಂತಿ ಪೂರ್ತಿ ಕಿತ್ತೆಸೆದು, ದಪ್ಪ ತಂತಿ ಹಾಕಿ ತನ್ನದೇ ಸುತ್ತಿನ ಲೆಕ್ಕದಲ್ಲಿ ಮತ್ತೆ ಸುತ್ತಿದ. ಮೂರು ಸಲ ಸುತ್ತಿ ಮೂರು ಸಲ ಕಿತ್ತ. ನಾಲ್ಕನೆಯ ಸಲಕ್ಕೆ ಮೋಟಾರು ಕಾದರೂ ಸುಡಲಿಲ್ಲ. ಡಿಕ್ಕಿಯಲ್ಲಿ ನಾಲ್ಕು ಇನ್ವರ್ಟರ್ ಬ್ಯಾಟರಿ ಕೂತವು, ಗೇರಿನ ಪಕ್ಕ ಒಂದು ಸ್ವಿಚ್ಚು ಬಂತು. ಸಂತೆಯ ಗದ್ದಲದಲ್ಲಿ ಬ್ಯಾಟರಿ, ಡಾಂಬರು ರಸ್ತೆಯಲ್ಲಿ ಪೆಟ್ರೋಲು, ಏರು ಬಂದರೆ ಎರಡೂ.

ಊರವರು ನಗದೆ ಬಿಡುತ್ತಾರೆಯೇ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಇವನ ಕಾರು ನಡುವೆ ಹರಿದು ಎರಡು ತುಂಡಾಗುತ್ತದೆ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಪುಷ್ಯದ ಒಂದು ಬೆಳಿಗ್ಗೆ ಮಚ್ಛೇಂದ್ರ ಶಾಲುಬಾಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸುಮಾರು ನಲವತ್ತು ಕಿಲೋಮೀಟರು ದೂರದ ಬೀದರಿಗೆ ಹೊರಟ. ಟಾಂಕಿಯಲ್ಲಿ ಅಳೆದು ಹಾಕಿದ್ದು ಒಂದೇ ಲೀಟರು. ಬೀದರ ಮುಟ್ಟಿದಾಗ ಪೆಟ್ರೋಲು ಇನ್ನೂ ಉಳಿದಿತ್ತು. ಕಾರು ಬ್ಯಾಟರಿಯ ಮೇಲೆ ಹೋಗುವಾಗ ಸದ್ದೇ ಇಲ್ಲದ್ದರಿಂದ ದಾರಿಯಲ್ಲಿ ಮಲಗಿದ್ದ ಎಮ್ಮೆ ಕೂಡ ಏಳಲಿಲ್ಲ. ಶಾಲುಬಾಯಿ ಇಳಿದು ಗಾಲಿಗಳನ್ನು ಒಂದು ಸುತ್ತು ನೋಡಿ ಬಂದಳು. ಮನೆಗೆ ಬಂದ ಮೇಲೆ ಮೂಲೆಯ ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಟ್ರಂಕಿಗೆ ಹಾಕಿದಳು. ಅವನಿಗೆ ಅಷ್ಟು ಸಂತೋಷ ಯಾವ ಸನ್ಮಾನದಿಂದಲೂ ಆಗುತ್ತಿರಲಿಲ್ಲ.

ಇನ್ನು ನೂಲಿನ ಗಂಟಿನ ವಿಷಯ ಹೇಳಬೇಕು, ಅದಿಲ್ಲದೆ ಈ ಮನುಷ್ಯನ ಬದುಕು ಅರ್ಥವಾಗುವುದಿಲ್ಲ.

ಮೋಟಾರಿಗೆ ತಂತಿ ಸುತ್ತಿ ಮುಗಿದ ಮೇಲೆ ಅದು ಅಲುಗದಂತೆ ನೂಲಿನಿಂದ ಬಿಗಿದು ಕಟ್ಟುತ್ತಾರೆ, ಮೇಲೆ ವಾರ್ನಿಶ್ ಹಚ್ಚುತ್ತಾರೆ. ಆ ನೂಲಿನ ಕೊನೆಯ ಗಂಟು ಪ್ರತಿಯೊಬ್ಬನದೂ ಬೇರೆ. ಭಾಲ್ಕಿ, ಔರಾದ, ಬೀದರದ ಕಡೆ ಈ ಪದ್ಧತಿ ಬೆಳೆಸಿದವರು ಉಸ್ತಾದ ಅಬ್ದುಲ ಸಮದ. ಅವರ ಕೈಕೆಳಗೆ ಏಳು ವರ್ಷ ಕಲಿತವನಿಗೆ ಅವರೇ ಒಂದು ಗಂಟು ಕೊಡುತ್ತಿದ್ದರು. ಉಳಿದ ಶಿಷ್ಯರ ಎದುರಿಗೆ ಬಾಯಿಗೆ ಬೆಲ್ಲ ಹಾಕಿ, ಇನ್ನು ಇದು ನಿನ್ನದು ಎನ್ನುತ್ತಿದ್ದರು. ಮೋಟಾರು ಸುಟ್ಟು ಯಾರ ತಪ್ಪು ಎಂದು ಜಗಳ ಬಂದರೆ ಬಿಚ್ಚಿ ಗಂಟು ನೋಡಿದರೆ ಮುಗಿಯಿತು. ಉಸ್ತಾದರು ಕಣ್ಣು ಮುಚ್ಚಿ, ಬೆರಳಾಡಿಸಿ ಇದು ಇಂಥವನದು ಎನ್ನುತ್ತಿದ್ದರು. ಒಮ್ಮೆ ಔರಾದದ ಒಬ್ಬ ದೊಡ್ಡ ರೈತ ಸುಟ್ಟ ಮೋಟಾರು ತಂದು ಸುಭಾನನೆಂಬ ಶಿಷ್ಯನನ್ನು ಬಯ್ಯುತ್ತಿದ್ದಾಗ ಉಸ್ತಾದರು ಬೆರಳಿಟ್ಟು, ಸುಭಾನಂದಲ್ಲ, ಇದು ನಂದೇ ತಪ್ಪು ಎಂದು ನೂರು ಜನರೆದುರು ಒಪ್ಪಿಕೊಂಡು ಪುಕ್ಕಟೆ ಸುತ್ತಿಕೊಟ್ಟಿದ್ದರು. ಆ ದಿನ ಮಚ್ಛೇಂದ್ರ ಅಲ್ಲೇ ನಿಂತಿದ್ದ. ಸತ್ಯಕ್ಕೆ ಮೈ ಇದ್ದರೆ ಅದು ಉಸ್ತಾದರ ಹಾಗೆ ಇರುತ್ತದೆ ಎಂದು ಆ ದಿನದಿಂದ ನಂಬಿದ.

ಅವನು ಎಡಚ. ಸಾಲೆಯಲ್ಲಿ ಮಾಸ್ತರರು ಎಡಗೈಗೆ ಹೊಡೆದು ಹೊಡೆದು ಬಲಗೈ ಕಲಿಸಲು ನೋಡಿದ್ದರು. ಉಸ್ತಾದರು ಹೊಡೆಯಲಿಲ್ಲ. ಖುದಾ ಕೊಟ್ಟ ಕೈ ಬಿಡಬೇಡ ಎಂದು, ಎಡದಿಂದ ಮೂರು ಸುತ್ತು ಬಂದು ಬಾಲ ಒಳಗೆ ಸೇರುವ ಒಂದು ಗಂಟನ್ನು ಅವನಿಗಾಗಿಯೇ ಹುಟ್ಟಿಸಿ ಕೊಟ್ಟರು. ಉಸ್ತಾದರ ಗಂಟು ಬಲದಿಂದ ಎರಡೇ ಸುತ್ತು. ಬಲಗೈಯವನಿಗೆ ಮಚ್ಛೇಂದ್ರನ ಗಂಟು ಬರುವಂತೆಯೇ ಇರಲಿಲ್ಲ. ಕಾರಿನ ಮೋಟಾರಿಗೂ ಅವನು ಅದನ್ನೇ ಹಾಕಿದ್ದ.

ಕಾರಿನ ಸುದ್ದಿ ಹಬ್ಬುತ್ತಲೇ ಬೀದರದಿಂದ ಮಾಧವ ಬಂದ. ಕಮಲನಗರದವನು, ಬೀದರದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥ. ಹಿಂದೆಯೂ ಕಾಲೇಜಿನ ಸುಟ್ಟ ಫ್ಯಾನುಗಳನ್ನು ತಂದು ಮಚ್ಛೇಂದ್ರನ ಹತ್ತಿರ ಸುತ್ತಿಸಿಕೊಂಡು ಹೋಗುತ್ತಿದ್ದವನು. ಕಾರಿನ ಕೆಳಗೆ ಇಸ್ತ್ರಿಯ ಅಂಗಿ ಸಮೇತ ಮಲಗಿ ನೋಡಿದ. ಎದ್ದು ಮಚ್ಛೇಂದ್ರನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಮಚ್ಛೇಂದ್ರರಾವ, ಯುಗಾದಿ ಮುಂದ ನಮ್ಮಲ್ಲಿ ದೊಡ್ಡ ಪ್ರದರ್ಶನ ಅದರಿ. ಗಾಡಿ ನಮ್ಮ ವರ್ಕ್‌ಶಾಪಿನ್ಯಾಗ ಬಿಡ್ರಿ. ನಮ್ಮ ಅಧ್ಯಕ್ಷರು ನೋಡಿದ್ರಂದ್ರ ನಿಮ್ಮನ್ನ ಅಲ್ಲೇ ಕಲಿಸೋ ಮಿಸ್ತ್ರಿ ಅಂತ ಇಟ್ಕೋತಾರ. ನೀವು ಹೈದರಾಬಾದಿಗ್ಯಾಕ ಹೋಗ್ತೀರಿ?”

ಹಸಿದವನಿಗೆ ಹಳಸಿದ್ದೂ ಹಬ್ಬ. ಮಚ್ಛೇಂದ್ರ ಎರಡು ದಿನ ಕೂತು ತನ್ನ ಸುತ್ತಿನ ಲೆಕ್ಕ ಬಿಟ್ಟು ಉಳಿದದ್ದನ್ನೆಲ್ಲ ಬಿಡಿಸಿ ಹೇಳಿದ, ಮಾಧವ ನಕ್ಷೆ ಬರೆದುಕೊಂಡ. ಸುತ್ತಿನ ಲೆಕ್ಕ ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಗಾಡಿ ಬಿಟ್ಟು ಬರುವ ದಿನ ಶಾಲುಬಾಯಿ ಒಂದೇ ಮಾತು ಕೇಳಿದಳು.

“ಗಾಡಿ ನಿಮ್ಮದಂತ ಒಂದು ಕಾಗದದ ಮ್ಯಾಲ ಬರಸ್ಕೋಳ್ರಲ್ಲ.”

“ಮೋಟಾರಿನ ಒಳಗ ಬರದೀನಿ ಬಿಡು. ಅದನ್ನ ಅಳಸೋವ್ರು ಇನ್ನೂ ಹುಟ್ಟಿಲ್ಲ,” ಎಂದು ಅವನು ನಕ್ಕ.

ಅಂಗಡಿಯ ಕಾಗದಪತ್ರವನ್ನು ಹುಳು ತಿನ್ನುತ್ತದೆ, ಗಂಟನ್ನು ತಿನ್ನುವುದಿಲ್ಲ ಎಂಬುದು ಅವರ ಕಸುಬಿನವರ ನಂಬಿಕೆ. ಊರ ಮಂದಿ ಸಹಿ ನಂಬಿ ಮೋಸ ಹೋದರೆ, ಇವರು ಗಂಟು ನಂಬಿ ಹೋಗುತ್ತಾರೆ, ಅಷ್ಟೇ ಫರಕು.

ಪ್ರದರ್ಶನದ ದಿನ ಮಚ್ಛೇಂದ್ರ ಬಿಳಿ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಹೋದ. ಕಾರಿಗೆ ಹಸಿರು ಬಣ್ಣ ಬಳಿದಿದ್ದರು, ಗುರುತೇ ಹತ್ತಲಿಲ್ಲ. ಮುಂದೆ ಒಂದು ಬೋರ್ಡು. ಪೆಟ್ರೋಲ್ ಮತ್ತು ವಿದ್ಯುತ್ ಜೋಡಿ ಕಾರು, ಸಂಶೋಧಕರು ಪ್ರೊಫೆಸರ್ ಮಾಧವ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಎಂಟು ವಿದ್ಯಾರ್ಥಿಗಳ ಹೆಸರು. ಮಚ್ಛೇಂದ್ರ ಬೋರ್ಡಿನ ಹಿಂಬದಿಗೂ ಹೋಗಿ ನೋಡಿದ, ಅಲ್ಲಿ ಮೊಳೆ ಮಾತ್ರ ಇದ್ದವು. ಅಷ್ಟರಲ್ಲಿ ಮಾಧವ ಅವನನ್ನು ಕಂಡು, ಬರ್ರಿ ಬರ್ರಿ, ಬ್ಯಾಟರಿಗೆ ಒಂದೀಟು ನೀರು ಹಾಕ್ರಿ, ಅಧ್ಯಕ್ಷರು ಬರೋ ಹೊತ್ತಾತು ಎಂದು ಡಬ್ಬಿ ಕೈಗೆ ಕೊಟ್ಟ. ದಿಕ್ಕು ತೋಚದೆ ಮಚ್ಛೇಂದ್ರ ನೀರು ಹಾಕಿಯೂ ಹಾಕಿದ. ತಾನು ಹಾಕಿದೆನಲ್ಲ ಎಂಬ ನಾಚಿಕೆ ಮುಂದೆ ಎಷ್ಟೋ ವರ್ಷ ಅವನನ್ನು ಬಿಡಲಿಲ್ಲ.

ಸಂಸ್ಥೆಯ ಅಧ್ಯಕ್ಷರು ಬಂದರು. ಜನ ಸೇರಿತು. ಈ ಮಿಸ್ತ್ರಿ ಯಾರು ಎಂದು ಅವರು ಕೇಳಿದಾಗ ಮಾಧವ, ನಮಗೆ ಆಗಾಗ ಕೈಕೆಲಸಕ್ಕೆ ಬರುವವನು ಎಂದ. ಆಗ ಮಚ್ಛೇಂದ್ರನ ಬಾಯಿ ತೆರೆಯಿತು. ಗಾಡಿ ಸಂತಪುರದಿಂದ ತಂದದ್ದು, ಅಚ್ಚು ಉದ್ದ ಮಾಡಿದ್ದು, ನಾಲ್ಕು ಸಲ ಮೋಟಾರು ಸುತ್ತಿದ್ದು ಎಲ್ಲವನ್ನೂ ತೊದಲದೆ ಹೇಳಿದ. ಗಾಡಿ ಇವನದೇ ಇರಬಹುದು, ಬುದ್ಧಿ ನಮ್ಮದು, ಮೋಟಾರು ನಾವೇ ಬೀದರದಲ್ಲಿ ಸುತ್ತಿಸಿದ್ದು ಎಂದು ಮಾಧವ ಅಷ್ಟೇ ತಣ್ಣಗೆ ಹೇಳಿದ. ಅಧ್ಯಕ್ಷರು ಕೆಟ್ಟವರಲ್ಲ. ಸಾಕ್ಷಿ ಏನದ ಎಂದರು.

“ಮೋಟಾರು ಬಿಚ್ರಿ. ಒಳಗ ನನ್ನ ಗಂಟದ. ಉಸ್ತಾದ ಸಮದ ಸಾಹೇಬರನ್ನ ಕರಸ್ರಿ. ಅವರು ಏನಂತಾರ ಅದಕ್ಕ ನಾ ಒಪ್ತೇನಿ.”

ಸಾಕ್ಷಿಯನ್ನು ಹೆಸರು ಹಿಡಿದು ಕರೆಸಿದವನು ಅವನೇ. ಮಾಧವನ ಮುಖ ಒಂದು ಚೂರೂ ಬದಲಾಗಲಿಲ್ಲ ಎಂಬುದನ್ನು ಅವನು ನೋಡಿದ, ಆದರೆ ಅದರ ಅರ್ಥ ತಿಳಿಯಲಿಲ್ಲ.

ಉಸ್ತಾದರು ಕಸುಬು ಕಡಿಮೆ ಮಾಡಿ ಐದು ವರ್ಷದಿಂದ ಬೀದರದಲ್ಲಿ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿದ್ದರು. ಕಾಲೇಜಿನ ಜೀಪು ಅವರನ್ನು ಕರೆತಂದಿತು. ಅಷ್ಟೊತ್ತಿಗೆ ಮೋಟಾರಿನ ಮುಚ್ಚಳ ಬಿಚ್ಚಿಟ್ಟಿದ್ದರು. ಮಚ್ಛೇಂದ್ರ ಬಾಗಿ ಕಾಲು ಮುಟ್ಟಿದ, ಅವರು ಅವನ ತಲೆಯ ಮೇಲೆ ಕೈ ಇಟ್ಟರು, ಆದರೆ ಮುಖ ನೋಡಲಿಲ್ಲ. ಬಗ್ಗಿ, ಕಣ್ಣು ಮುಚ್ಚಿ, ನೂಲಿನ ಮೇಲೆ ಬೆರಳಾಡಿಸಿದರು. ಗಂಟು ಸಿಕ್ಕಲ್ಲಿ ಬೆರಳು ನಿಂತಿತು. ನಿಂತದ್ದು ಮಚ್ಛೇಂದ್ರನಿಗೆ ಕಂಡಿತು, ಅವನ ಎದೆ ಹಗುರಾಯಿತು.

“ಇದು ನನ್ನ ಗಂಟು,” ಎಂದರು ಉಸ್ತಾದರು. “ಮಾಧವ ಸಾಹೇಬರು ಹೇಳಿದ್ರು, ನಾ ಸುತ್ತೀನಿ.”

ಜನ ಗುಜುಗುಜು ಎಂದಿತು. ಯಾರೋ ನಕ್ಕರು. ಅಧ್ಯಕ್ಷರು ಮಚ್ಛೇಂದ್ರನ ಕಡೆ ನೋಡಿ, ಒಪ್ತೇನಿ ಅಂದಿದ್ದಿಯಲ್ಲಪಾ ಎಂದು ಮೆತ್ತಗೆ ಹೇಳಿ ಮುಂದಿನ ಮಳಿಗೆಗೆ ನಡೆದರು. ಮಚ್ಛೇಂದ್ರ ಎಡದಿಂದ ಮೂರು ಸುತ್ತು ಬಂದ ಆ ನೂಲನ್ನೇ ನೋಡುತ್ತ ನಿಂತ. ಅಲ್ಲಿದ್ದ ಇನ್ನೂರು ಜನರಲ್ಲಿ ಆ ಗಂಟು ಓದಬಲ್ಲವರು ಇಬ್ಬರೇ ಇದ್ದರು. ಅವರಲ್ಲಿ ಒಬ್ಬರು ಓದಿ ಸುಳ್ಳು ಹೇಳಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರಿಗೆ ಹೋಗಿ ದೂರು ಹೇಳಬೇಕು?

ಅವನು ಬಸ್ ನಿಲ್ದಾಣಕ್ಕೆ ಹೋಗಲಿಲ್ಲ, ಕಾಲು ಚೌಬಾರಾದ ಕಡೆಗೆ ನಡೆದವು. ಗಲ್ಲಿಯ ಬಾಯಲ್ಲಿ ನೀರಿನ ಟ್ಯಾಂಕರು ನಿಂತಿತ್ತು. ಅದರ ಮೈಮೇಲೆ ಪಾಲಿಟೆಕ್ನಿಕ್ಕಿನ ಹೆಸರಿತ್ತು. ಪೈಪು ಉಸ್ತಾದರ ಮನೆಯ ಅಂಗಳದ ಡ್ರಮ್ಮಿಗೆ ಇಳಿದಿತ್ತು. ಹಿಂದೆ ಹತ್ತಾರು ಹೆಂಗಸರು ಕೊಡ ಹಿಡಿದು ಸಾಲು ನಿಂತಿದ್ದರು. ಎರಡು ತಿಂಗಳಿಂದ ಮೂರು ದಿನಕ್ಕೊಮ್ಮೆ ಬರುತ್ತದೆ, ಮಾಧವ ಸಾಹೇಬರ ಪುಣ್ಯ ಎಂದು ಸಾಲಿನಲ್ಲಿದ್ದ ಒಬ್ಬಳು ಕೇಳದೆಯೇ ಹೇಳಿದಳು. ಎರಡು ತಿಂಗಳು ಅಂದರೆ ಮಾಧವ ಕಾರಿನ ಕೆಳಗೆ ಮಲಗಿ ನೋಡಿ ಹೋದ ವಾರದಿಂದ. ಫ್ಯಾನು ಸುತ್ತಿಸಿಕೊಂಡು ಹೋಗುತ್ತಿದ್ದ ಮಾಧವನಿಗೆ ಕಾರಿನ ಒಳಗಿನ ಗಂಟೂ ಗೊತ್ತಿತ್ತು, ಅದನ್ನು ಓದುವ ಬೆರಳೂ ಗೊತ್ತಿತ್ತು.

ಉಸ್ತಾದರು ಒಳಗೆ ಚಾಪೆಯ ಮೇಲೆ ಕೂತಿದ್ದರು. ಮಚ್ಛೇಂದ್ರ ಹೊಸ್ತಿಲಲ್ಲೇ ನಿಂತ.

“ನನ್ನ ಗಂಟು ನಿಮಗ ಸಿಗಲಿಲ್ಲೇನ್ರಿ, ಉಸ್ತಾದ?”

“ಸಿಕ್ತು ಬೇಟಾ. ಬೆರಳಿಟ್ಟಕೂಡ್ಲೆ ಸಿಕ್ತು.”

“ಮತ್ತ ಯಾಕ್ರಿ?”

ಉಸ್ತಾದರು ನೀರು ಬೀಳುತ್ತಿದ್ದ ಡ್ರಮ್ಮಿನ ಕಡೆ ಕೈ ತೋರಿಸಿದರು. “ನೀ ಹೈದರಾಬಾದಿಗೆ ಹೋಗಬಲ್ಲಿ. ನಿನ್ನ ಕೈ ಎಲ್ಲಿ ಹೋದ್ರೂ ಅನ್ನ ಹಾಕ್ತದ. ನಾ ಈ ಗಲ್ಲಿ ಬಿಟ್ಟು ಎಲ್ಲಿಗಿ ಹೋಗ್ಲಿ? ನಾ ಇಲ್ಲ ಅಂದಿದ್ರ ಇವತ್ತ ಆ ನೀರಿನ ಗಾಡಿ ಬರ್ತಿರಲಿಲ್ಲ. ಹೊರಗ ನಿಂತಾರಲ್ಲ, ಅವರ ಮಾರಿ ನಾ ಹ್ಯಾಂಗ ನೋಡ್ಲಿ?”

ಮಚ್ಛೇಂದ್ರನಿಗೆ ಸಿಟ್ಟು ಬಂತು. ಬಂದ ಸಿಟ್ಟಿಗೆ ಒರಗಲು ಗೋಡೆ ಸಿಗಲಿಲ್ಲ. ಹಣಕ್ಕೆ ಮಾರಿಕೊಂಡಿದ್ದರೆ ಉಗುಳಿ ಬರಬಹುದಿತ್ತು. ನೀರಿಗೆ ಮಾರಿಕೊಂಡವರನ್ನು ಏನು ಮಾಡುವುದು? ಅಷ್ಟರಲ್ಲಿ ಉಸ್ತಾದರ ಹೆಂಡತಿ ಅನ್ವರಿ ಬೇಗಂ ಮಂಡಿನೋವಿನ ಕಾಲೆಳೆಯುತ್ತ ಹೊರಬಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಏಳು ವರ್ಷ ಅವನಿಗೆ ಉಣ್ಣಲು ಹಾಕಿದ ಕೈ ಅದು. ಬಿಸಿಲಾಗ ಬಂದೀ ಎಂದು ಡ್ರಮ್ಮಿನಿಂದ ಆಗಷ್ಟೇ ತುಂಬಿದ ನೀರನ್ನು ಸ್ಟೀಲಿನ ಲೋಟದಲ್ಲಿ ಅವನ ಮುಂದೆ ಹಿಡಿದಳು. ಆ ವರ್ಷ ಕೊಟ್ಟ ನೀರನ್ನು ಬೇಡ ಎನ್ನುವ ಸೊಕ್ಕು ನಮ್ಮ ಸೀಮೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಗಂಟಲು ಒಣಗಿತ್ತು. ಮಚ್ಛೇಂದ್ರ ನಿಂತಲ್ಲೇ ಲೋಟ ಖಾಲಿ ಮಾಡಿದ. ತನ್ನನ್ನು ಮಾರಿ ತಂದ ನೀರು ತಣ್ಣಗೆ, ಸಿಹಿಯಾಗಿತ್ತು. ಅದೇ ಅವನಿಗೆ ತಡೆಯಲಾಗಲಿಲ್ಲ.

ಯುಗಾದಿಯ ಮರುದಿನ ಶಾಲುಬಾಯಿ ಗಂಟು ಮತ್ತೆ ಕಟ್ಟಿದಳು. ನಾ ಹೇಳಿರಲಿಲ್ಲವೇ ಎಂದು ಅವಳು ಆಡಿ ತೋರಿಸಲಿಲ್ಲ. ಗಂಡ ಹೆಂಡತಿ ಹೈದರಾಬಾದಿನ ಗಾಡಿ ಹತ್ತಿದರು. ಕಾರಿನ ಕಾಗದ ಕಂಪೌಂಡರನ ಹೆಸರಲ್ಲೇ ಇತ್ತು, ಕೇಳಲು ಹೋದರೆ ಪುಣೆಯಿಂದ ಅವನನ್ನೇ ಕರೆತರಬೇಕು. ಮಚ್ಛೇಂದ್ರ ಕೇಳಲೂ ಇಲ್ಲ. ಆ ವರ್ಷವೇ ಭಾದ್ರಪದದಲ್ಲಿ ಬೀದರದ ಕಡೆ ಕೆರೆ ಕೋಡಿ ಬೀಳುವಷ್ಟು ಮಳೆ ಸುರಿಯಿತು. ಆರು ತಿಂಗಳು ಮೊದಲು ಬಂದಿದ್ದರೆ ಏನಾಗುತ್ತಿತ್ತು ಎಂದು ಅವನು ಒಮ್ಮೆ ಯೋಚಿಸಿದ, ಆಮೇಲೆ ಯೋಚಿಸುವುದನ್ನೇ ಬಿಟ್ಟ. ಹೈದರಾಬಾದಿನ ಅಂಗಡಿಯಲ್ಲಿ ನೂಲಿನ ಬದಲು ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಿದ್ದರು. ಅಲ್ಲಿ ಯಾರ ಕೆಲಸಕ್ಕೂ ಯಾರ ಗುರುತೂ ಇರಲಿಲ್ಲ. ಅದು ಅವನಿಗೆ ಒಳ್ಳೆಯದೇ ಅನ್ನಿಸಿತು.

ಮರುವರ್ಷ ಒಂದು ಮಧ್ಯಾಹ್ನ ಸುಭಾನ ಗೋಣಿಚೀಲ ಹೊತ್ತು ಬಂದ. ಔರಾದದ ಜಗಳದಲ್ಲಿ ಉಸ್ತಾದರು ಉಳಿಸಿದ್ದ ಅದೇ ಸುಭಾನ. ಚೀಲದಲ್ಲಿ ಕಾರಿನ ಮೋಟಾರಿತ್ತು. ಆರು ಜನರನ್ನು ಕೂಡಿಸಿಕೊಂಡು ಕೋಟೆಯ ಏರಿಗೆ ಬರೀ ಬ್ಯಾಟರಿಯ ಮೇಲೆ ಹತ್ತಿಸಿ ಸುಟ್ಟಿದ್ದರಂತೆ. ನೀವೇ ಸುತ್ತಿದ್ದಲ್ಲವೇ ಎಂದು ಕಾಲೇಜಿನವರು ಮೋಟಾರನ್ನು ಉಸ್ತಾದರ ಮನೆಗೆ ಕಳಿಸಿದರಂತೆ. ಅವರು ತಿಂಗಳುಗಟ್ಟಲೆ ಬಡಿದಾಡಿದರು. ಹಳೆಯ ತಂತಿ ಕರಗಿ ಅಂಟಿತ್ತು, ಹೊಸದಾಗಿ ಸುತ್ತಿದ್ದೂ ಸುಟ್ಟಿತು, ಸುತ್ತಿನ ಲೆಕ್ಕ ಸಿಗಲಿಲ್ಲ. ಕೊನೆಗೆ, ಅವನು ಬೈದರೆ ಬೈಸಿಕೊಂಡು ಬಾ, ಆದರೆ ಮಾಡಿಸಿಕೊಂಡು ಬಾ ಎಂದು ಸುಭಾನನ ಕೈ ಹಿಡಿದು ಕೇಳಿದ್ದರಂತೆ.

ಮಚ್ಛೇಂದ್ರ ಬೈಯಲಿಲ್ಲ. ಕರಕಲಾದ ತಂತಿ ಕಿತ್ತ, ಎರಡು ದಿನ ಕೂತು ತನ್ನದೇ ಲೆಕ್ಕದಲ್ಲಿ ಸುತ್ತಿದ, ಒಂದು ಎಳೆ ಹೆಚ್ಚು ಕಡಿಮೆ ಮಾಡಲಿಲ್ಲ. ಆಮೇಲೆ ಅಂಗಡಿಯ ಪ್ಲಾಸ್ಟಿಕ್ ಪಟ್ಟಿ ಬದಿಗಿಟ್ಟು, ಸುಭಾನನನ್ನು ಕಳಿಸಿ ನೂಲು ತರಿಸಿದ. ನೂಲನ್ನು ಬಲಗೈಗೆ ತೆಗೆದುಕೊಂಡ. ಆ ಕೈ ಪಳಗಿರಲಿಲ್ಲ, ಎರಡು ಸಲ ಜಾರಿತು. ಮೂರನೆಯ ಸಲ ಬಲದಿಂದ ಎರಡು ಸುತ್ತು ಬಂದು ಗಂಟು ಕೂತಿತು.

“ಇದು ಉಸ್ತಾದರ ಗಂಟಲ್ಲೇನು?” ಎಂದ ಸುಭಾನ.

“ಹೌದು. ಇನ್ನೂರು ಮಂದಿ ಮುಂದ ತಮ್ಮದಂತ ಹೇಳ್ಯಾರ. ಅವರ ಮಾತು ಸುಳ್ಳಾಗಬಾರ್ದು. ಬೆರಳಿಟ್ಟು ನೋಡ್ರಿ ಅಂದಾನಂತ ಹೇಳು.”

ಸುಭಾನ ಹಾಗೆಯೇ ಹೇಳಿದನಂತೆ. ಉಸ್ತಾದರು ಕಣ್ಣು ಮುಚ್ಚಿ ಬೆರಳಾಡಿಸಿದರಂತೆ. ಬೆರಳು ಗಂಟಿನ ಮೇಲೆ ನಿಂತಿತು, ಬಹಳ ಹೊತ್ತು ಅಲ್ಲಿಂದ ಏಳಲಿಲ್ಲವಂತೆ. ಅಂದಿನಿಂದ ಯಾರು ಮೋಟಾರು ತಂದು ಇದು ಯಾರ ಗಂಟು ಎಂದು ಕೇಳಿದರೂ ಅವರು ಕೈ ಹಿಂದೆ ಕಟ್ಟಿಕೊಳ್ಳುತ್ತಾರಂತೆ. ಈ ಸುದ್ದಿ ಫೋನಿನಲ್ಲಿ ಕೇಳಿದ ದಿನ ಮಚ್ಛೇಂದ್ರನಿಗೆ ಸಂತೋಷವಾಗಬೇಕಿತ್ತು. ಅವನು ಕೆಲಸ ಬಿಟ್ಟು ಹೊರಗೆ ಬಂದು, ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು ನೀರು ಹರಿಯಲು ಬಿಟ್ಟ. ಬಿಡಬೇಡ ಎಂದು ಉಸ್ತಾದರು ಹೇಳಿದ್ದ, ತಾನು ಬಿಟ್ಟಿದ್ದ ಎಡಗೈಯನ್ನು ಬಹಳ ಹೊತ್ತು ತೊಳೆದ.